ಗೃಹಕೃತ್ಯ: ಹಳೆಯ ಕಾರಿನ ಸಿಗರೇಟಿನ ವಾಸನೆ

ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯಲ್ಲಿ ಅಡಕೆಯ ಹಣ ಕೈಸೇರಿದ ಮೇಲೆ ಹಳೆಯ ಕಾರನ್ನು ಕೊಳ್ಳುವುದುಂಟು. ಮೊದಲಿನ ಯಜಮಾನನು ಸಿಗರೇಟು ಸೇದುವವನಾಗಿದ್ದರೆ ಅದರ ವಾಸನೆಯೂ ಕಾರಿನೊಡನೆ ಮನೆಗೆ ಬರುವುದು. ಆರಿದ್ರೆ ಮಳೆ ಹಿಡಿದು ಗಾಜುಗಳನ್ನು ಏರಿಸಿದೊಡನೆ ಅದರ ನಿಜರೂಪವು ತಿಳಿಯುವುದು.

ಸುಗಂಧದ್ರವ್ಯವನ್ನು ಸಿಂಪಡಿಸುವುದು ಮೈ ತೊಳೆಯದೆ ಗಂಧವನ್ನು ಪೂಸಿಕೊಂಡಂತೆಯೇ ಸರಿ. ಹೊಗೆ ಹೋದರೂ ನಿಕೋಟಿನ್ನಿನ ಜಿಡ್ಡು ಸೀಟು, ಛಾವಣಿ, ಗಾಜುಗಳಿಗೆ ಅಂಟಿಕೊಂಡಿರುತ್ತದೆ. ಇದು ಗಾಳಿಯಲ್ಲಿನ ನೈಟ್ರಸ್ ಆಮ್ಲದೊಡನೆ ಸೇರಿ ಕ್ಯಾನ್ಸರ್‌ಕಾರಕ ಪದಾರ್ಥಗಳಾಗುವುದೆಂದು 2010ರಲ್ಲಿ ಅಮೆರಿಕದ ಬರ್ಕ್ಲಿಯ ವಿಜ್ಞಾನಿಗಳು ಪ್ರಕಟಿಸಿದರು. ಸಿಗರೇಟು ಸೇದುವವನ ವಾಹನದೊಳಗೂ ಅವನ್ನು ಕಂಡರು. ಸೀಟನ್ನು ಮುಟ್ಟಿದ ಬೆರಳನ್ನು ಬಾಯಿಗಿಡುವ ಕೂಸುಳ್ಳ ಮನೆಯವರು ಇದನ್ನು ಅಲಕ್ಷಿಸಬಾರದು.

ಮೃಗಶಿರ ಮಳೆಗೆ ಮುಂಚೆಯೇ, ಬಿಸಿಲಿರುವ ದಿನ, ಬಾಗಿಲುಗಳನ್ನೆಲ್ಲ ತೆರೆದು ಕೆಲಸಕ್ಕೆ ತೊಡಗಬೇಕು. ಬೂದಿಯ ಬಟ್ಟಲನ್ನೂ ಕಾಲಡಿಯ ಹಾಸುಗಳನ್ನೂ ಹೊರತೆಗೆದು ಸಾಬೂನಿನಿಂದ ತೊಳೆದು ಒಣಗಿಸುವುದು. ಬಟ್ಟೆಯ ಸೀಟುಗಳ ಮೇಲೆ ಅಡಿಗೆ ಸೋಡವನ್ನು ಉದುರಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಚೆನ್ನಾಗಿ ಗುಡಿಸಿ ತೆಗೆಯುವುದು. ಗಾಜುಗಳನ್ನು ಸಮಪಾಲು ನೀರು ಬೆರೆಸಿದ ವಿನೆಗರಿನಿಂದ ಒರಸುವುದು. ಛಾವಣಿಯ ಬಟ್ಟೆಯನ್ನು ಹಿಂಡಿದ ಒದ್ದೆಬಟ್ಟೆಯಿಂದ ಮಾತ್ರ ಒರಸತಕ್ಕದ್ದು. ತೋಯಿಸಿದರೆ ಅಂಟು ಬಿಟ್ಟು ಜೋತುಬೀಳುವುದು. ತಂಪುಗಾಳಿಯ ಯಂತ್ರದ ಫಿಲ್ಟರನ್ನು ಹೊಸದಾಗಿ ಹಾಕಿಸಬೇಕು. ಲೋಬಾನದ ಧೂಪ ಬೇಡ. ಹೊಗೆಯನ್ನು ಹೊಗೆಯಿಂದ ತೊಳೆಯಲಾಗದು.

ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ಮಾಡಿರಿ. ಆ ಬಳಿಕ, ಎಂತಹ ಮಾನ್ಯ ಅತಿಥಿಯೇ ಆಗಲಿ, ದಾಕ್ಷಿಣ್ಯಕ್ಕೆ ಒಳಗಾಗಿ ಕಾರಿನೊಳಗೆ ಸಿಗರೇಟು ಹಚ್ಚಗೊಡಬೇಡಿರಿ. ಕೂಸಿನ ಉಸಿರಿಗಿಂತ ದಾಕ್ಷಿಣ್ಯವು ದೊಡ್ಡದಲ್ಲ.