ಗ್ರಂಥಭಂಡಾರಗಳೂ ಕನ್ನಡದ ಸಂಶೋಧನೆಯೂ

ವಿದೇಶದ ವಿದ್ವತ್ಪತ್ರಿಕೆಗಳು ನಮ್ಮ ಸಂಶೋಧಕರಿಗೆ ಸುಲಭವಾಗಿ ದೊರೆಯಲೆಂದು ಕೇಂದ್ರ ಸರಕಾರದವರು 2024ನೆಯ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಸಮ್ಮತಿಯಿತ್ತರು. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ಜಿಲ್ಲಾಸ್ಥಳದ ಸರಕಾರಿ ಕಾಲೇಜಿಗೂ ಈ ಬಾಗಿಲು ತೆರೆಯುವುದಾದುದರಿಂದ ನಾವಿದನ್ನು ಸ್ವಾಗತಿಸುತ್ತೇವೆ. ಆದರೆ ಪರರ ಜ್ಞಾನವನ್ನು ಕೊಳ್ಳುವುದರಲ್ಲಿ ತೋರಿದ ಔದಾರ್ಯದಲ್ಲಿ ನೂರಕ್ಕೊಂದು ಪಾಲನ್ನಾದರೂ ನಮ್ಮದನ್ನು ಕಣ್ಣಿಗೆ ಬೀಳುವಂತೆ ಇಡುವುದರಲ್ಲಿ ತೋರಬೇಡವೇ?

ಪಿಎಚ್.ಡಿ. ಪ್ರಬಂಧಗಳ ವಿದ್ಯುನ್ಮಾನ ಪ್ರತಿಯನ್ನು ಒಪ್ಪಿಸತಕ್ಕದ್ದೆಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದವರು 2009ರಲ್ಲಿಯೇ ವಿಧಿಸಿದರು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರದವರು ನಡೆಸುವ ‘ಶೋಧಗಂಗಾ’ ಭಂಡಾರದಲ್ಲಿ ಇಂದು ಲಕ್ಷಗಟ್ಟಲೆ ಪ್ರಬಂಧಗಳಿವೆ. ಇದು ಸಣ್ಣ ಕಾರ್ಯವಲ್ಲ. ಆದರೆ ಕನ್ನಡದ ಪ್ರಬಂಧಗಳ ಗತಿಯೇನು? ಕೆಲವು ಬರಿಯ ಪುಟಗಳ ಛಾಯಾಚಿತ್ರಗಳು. ಹುಡುಕುವ ಯಂತ್ರಕ್ಕೆ ಅವುಗಳಲ್ಲಿ ಅಕ್ಷರವೇ ಕಾಣದು. ಕೆಲವು ಯೂನಿಕೋಡಿಗೆ ಮುಂಚಿನ ಪದ್ಧತಿಯಲ್ಲಿ ಬೆರಳಚ್ಚಾದುವು; ನಮ್ಮ ಕಣ್ಣಿಗೆ ‘ವಚನ’ವೆಂದು ತೋರುವುದು ಯಂತ್ರಕ್ಕೆ ಅರ್ಥವಿಲ್ಲದ ರೋಮನ್ ಚಿಹ್ನೆಗಳ ರಾಶಿ. ಶೀರ್ಷಿಕೆಯನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ಬರೆದಿಟ್ಟರಂತೂ ಗ್ರಂಥವು ಇದ್ದೂ ಇಲ್ಲದಂತೆಯೇ ಸರಿ. ಕಲಬುರಗಿಯಲ್ಲಿ ಒಬ್ಬನು ಐದು ವರ್ಷ ದುಡಿದು ಬರೆದುದನ್ನು ಅರಿಯದೆ ಮೈಸೂರಿನಲ್ಲಿ ಇನ್ನೊಬ್ಬನು ಅದೇ ನೆಲವನ್ನು ಮೊದಲಿನಿಂದ ಅಗೆಯುವಂತಾದರೆ ಅದು ಯಾರ ತಪ್ಪು? ಎರಡು ಸಲವೂ ವೆಚ್ಚವಾಗುವುದು ಪ್ರಜೆಗಳ ಹಣವೇ.

ಇದಕ್ಕೆ ಸಾಧನಗಳ ಅಭಾವವನ್ನು ಮುಂದೊಡ್ಡುವುದು ಸಲ್ಲದು. ಪ್ರಬಂಧಗಳನ್ನು ಕಾದಿಡುವ ಡಿಸ್ಪೇಸ್, ಗ್ರಂಥಸೂಚಿಯನ್ನು ನಡೆಸುವ ಕೋಹಾ ಎಂಬ ತಂತ್ರಾಂಶಗಳು ಬೆಲೆಯಿಲ್ಲದೆ ದೊರೆಯುತ್ತವೆ. ಕನ್ನಡ ಲಿಪಿಯೂ ಅವಕ್ಕೆ ಹೊಸದಲ್ಲ. ಹಳೆಯ ಬೆರಳಚ್ಚನ್ನು ಯೂನಿಕೋಡಿಗೆ ಪರಿವರ್ತಿಸುವ ಉಪಾಯಗಳೂ ಉಂಟು. ಬೇಕಾದವನು ಓದಿ, ವಿಷಯವನ್ನರಿತು, ತಕ್ಕ ಹೆಸರಿನಡಿಯಲ್ಲಿ ದಾಖಲು ಮಾಡುವ ಮನುಷ್ಯನು. ಮೈಸೂರಿನ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಗ್ರಂಥವೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿ, 1909ರಲ್ಲಿ ಅಚ್ಚುಹಾಕಿಸಿದ ಆರ್. ಶಾಮಶಾಸ್ತ್ರಿಗಳು ಆ ಗ್ರಂಥಾಲಯದ ಪಾಲಕರೇ ಆಗಿದ್ದರು. ಗ್ರಂಥಪಾಲಕನೆಂದರೆ ಬೀಗದ ಕೈ ಕಾಯುವವನೆಂದು ತಿಳಿದಿರುವ ಅಧಿಕಾರಿಗಳು ಇದನ್ನು ನೆನೆಯುವುದೊಳ್ಳೆಯದು.

ಆದುದರಿಂದ ಕನ್ನಡ ಲಿಪಿಯಲ್ಲಿ ಶೀರ್ಷಿಕೆ, ವಿಷಯಪದಗಳು, ಸಾರಾಂಶ ಇವು ಯೂನಿಕೋಡಿನಲ್ಲಿ ಬಾರದ ಹೊರತು ಯಾವ ಕನ್ನಡ ಪ್ರಬಂಧವನ್ನೂ ಮೌಖಿಕ ಪರೀಕ್ಷೆಗೆ ಸ್ವೀಕರಿಸಕೂಡದೆಂದು ನಮ್ಮ ವಿಶ್ವವಿದ್ಯಾನಿಲಯಗಳು ನಿಯಮ ಮಾಡಲಿ. ಹಳೆಯ ಪ್ರಬಂಧಗಳ ಮರುದಾಖಲೆಗೆ ಕುಲಪತಿಗಳವರು ಬರುವ ಆಯವ್ಯಯದಲ್ಲಿಯೇ ಪ್ರತ್ಯೇಕ ಮೊಬಲಗನ್ನು ತೆಗೆದಿರಿಸಲಿ. ತೆರವಾದ ಗ್ರಂಥಪಾಲಕರ ಹುದ್ದೆಗಳಿಗೆ, ಆ ಕೆಲಸವನ್ನೂ ಕನ್ನಡವನ್ನೂ ಬಲ್ಲವರನ್ನು ರಾಜ್ಯ ಸರಕಾರದವರು ವಿಳಂಬವಿಲ್ಲದೆ ನೇಮಿಸಲಿ.