ಕೋಣೆ ಸಣ್ಣದು, ಸಬ್‌ವೂಫರ್ ಯಾಕೆ ದೊಡ್ಡದು?



ಮೊದಲ ಸಂಬಳ ಬಂದರೆ ಸಾಕು, 10 ಅಡಿಯ ಕೋಣೆಗೆ 12 ಇಂಚಿನ ಸಬ್‌ವೂಫರ್ ಬರುತ್ತದೆ. ಇದು ಸಂಗೀತದ ಮೇಲಿನ ಪ್ರೀತಿಯಲ್ಲ, ಬರೀ ಒಣಜಂಭ.

ಲೆಕ್ಕ ನೋಡಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. 10 ಅಡಿ ಅಂತರದ ಎರಡು ಗೋಡೆಗಳ ನಡುವೆ ಸುಮಾರು 56 ಹರ್ಟ್ಸ್‌ನ ಬಾಸ್ ತಾನಾಗಿಯೇ ಉಬ್ಬುತ್ತದೆ. ಪೆಟ್ಟಿಗೆಯನ್ನು ಮೂಲೆಗೆ ತಳ್ಳಿದರೆ ಇನ್ನೂ ಹೆಚ್ಚು. ಆಮೇಲೆ ಕೇಳುವುದು ತಬಲವಲ್ಲ, ಗುಂಯ್ ಎನ್ನುವ ಗದ್ದಲ. ವ್ಯಾಟ್ ಇಮ್ಮಡಿಯಾದರೂ ಶಬ್ದ ಏರುವುದು ಬರೀ 3 ಡೆಸಿಬಲ್!

“ವಾಲ್ಯೂಮ್ ತಗ್ಗಿಸಿದರಾಯ್ತಲ್ಲ?” ಎನ್ನುತ್ತೀರಿ. ತಗ್ಗಿಸುವುದೇ ಆದರೆ ಅಷ್ಟು ದುಡ್ಡು ಸುರಿದದ್ದೇಕೆ? ತಗ್ಗಿಸದಿದ್ದರೆ? ಬಾಸ್ ಗೋಡೆ ದಾಟುತ್ತದೆ. ಪಕ್ಕದ ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯ ನಿದ್ದೆಗೆ ಬೆಲೆಯಿಲ್ಲವೇ?

ದೊಡ್ಡ ಹಾಲ್ ಇದ್ದರೆ ದೊಡ್ಡದನ್ನೇ ತನ್ನಿ, ಬೇಡವೆನ್ನುವುದಿಲ್ಲ. ಸಣ್ಣ ಕೋಣೆಗೆ ಎರಡು ಪುಟ್ಟ ಸ್ಪೀಕರ್, 8 ಇಂಚಿನ ಸಬ್‌ವೂಫರ್ ಧಾರಾಳ ಸಾಕು. ಅದನ್ನು ಮೊದಲು ನೀವು ಕೂರುವ ಜಾಗದಲ್ಲಿಟ್ಟು ಹಾಡು ಹಾಕಿ. ಗೋಡೆಯ ಬದಿಯಲ್ಲಿ ಮಂಡಿಯೂರಿ ಸುತ್ತಿ ಬನ್ನಿ. ಬಾಸ್ ಹದವಾಗಿ ಕೇಳಿದ ಕಡೆ ಅದನ್ನಿಡಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಅಂಗಡಿಗೆ ಹೋಗುವ ಮೊದಲು ಟೇಪ್ ಹಿಡಿದು ಕೋಣೆ ಅಳೆಯಿರಿ. ಪಕ್ಕದ ಮನೆಯವರ ಮುಖವನ್ನೂ ಒಮ್ಮೆ ನೆನೆಯಿರಿ.