ಪಹಣಿ ಇಲ್ಲದವರು ನಿಮ್ಮ ಸಂಶೋಧನೆಯಲ್ಲಿ ಎಲ್ಲಿದ್ದಾರೆ?

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ. ಸುಸ್ಥಿರ ಇಂಧನ, ಹವಾಮಾನ, ಪರಿಸರ ಅಂತ ಓದ್ತಿರೋ ಹುಡುಗ ಹುಡುಗಿಯರು ನಿಮಗೆ ಗೊತ್ತಿದ್ರೆ ಅವರಿಗೂ ತಲುಪಿಸಿ. ಇದು ಮುಖ್ಯವಾಗಿ ಅವರಿಗೇ ಬರೆದದ್ದು.

ನಮ್ಮ ಜಿಲ್ಲೆಯ ಪಾವಗಡ ಈಗ ಇಂಧನ ಸಂಶೋಧಕರಿಗೆ ಒಂದು ಯಾತ್ರಾಸ್ಥಳ. ಎಂಜಿನಿಯರಿಂಗ್ ಕಾಲೇಜಿನವರು ಬಸ್ಸು ಮಾಡ್ಕೊಂಡು ಬರ್ತಾರೆ, ಪಿಎಚ್‌ಡಿ ಮಾಡೋರು ಬರ್ತಾರೆ, ವಿದೇಶದಿಂದಲೂ ಬರ್ತಾರೆ. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಹರಡಿರೋ 2,050 ಮೆಗಾವ್ಯಾಟಿನ ಪಾರ್ಕ್ ಅದು. 2018ರ ಮಾರ್ಚಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು 'ಶಕ್ತಿಸ್ಥಳ' ಅಂತ ಉದ್ಘಾಟನೆ ಮಾಡಿದ್ರು. 2019ರ ಕೊನೆಗೆ ಪೂರ್ತಿ ಸಾಮರ್ಥ್ಯ ಬಂತು. ಬರಲಿ, ಓದಲಿ, ಸಂತೋಷ. ನನ್ನ ತಕರಾರು ಅವರು ಬರೋದರ ಬಗ್ಗೆ ಅಲ್ಲ. ಬಂದವರು ಯಾರ ಮನೆ ಬಾಗಿಲು ತಟ್ಟುತ್ತಾರೆ ಅನ್ನೋದರ ಬಗ್ಗೆ.

ಎರಡು ವರ್ಷದ ಹಿಂದೆ ಒಂದು ದೊಡ್ಡ ಸಂಸ್ಥೆಯ ವಿದ್ಯಾರ್ಥಿಗಳು ಊರು ತೋರಿಸಿ ಅಂತ ನನ್ನನ್ನ ಕರೆದ್ರು. ಒಳ್ಳೇ ಮಕ್ಕಳು, ವಿನಯವಂತರು. ಅವರ ಪ್ರಶ್ನಾವಳಿಯ ಮೊದಲ ಪ್ರಶ್ನೆ: ನೀವು ಎಷ್ಟು ಎಕರೆ ಗುತ್ತಿಗೆಗೆ ಕೊಟ್ಟಿದ್ದೀರಿ? ಎ.ಕೆ. ಕಾಲೋನಿಯ ಹೆಂಗಸೊಬ್ಬರು 'ನಮಗೆಲ್ಲಪ್ಪ ಹೊಲ' ಅಂದ್ರು. ಹುಡುಗ 'ಅನ್ವಯಿಸುವುದಿಲ್ಲ' ಅಂತ ಗುರುತು ಹಾಕಿ ಮುಂದಿನ ಮನೆಗೆ ಹೊರಟ. ಇಪ್ಪತ್ತೆಂಟು ಪ್ರಶ್ನೆ ಬಾಕಿ ಇದ್ವು, ಒಂದನ್ನೂ ಕೇಳಲಿಲ್ಲ. ಅವನ ತಪ್ಪಲ್ಲ ಅದು. ಪ್ರಶ್ನಾವಳಿಯನ್ನೇ ಹಾಗೆ ಮಾಡಿ ಕೊಟ್ಟಿದ್ರು. ಪಹಣಿ ಇದ್ದವನು ಮಾಹಿತಿದಾರ. ಪಹಣಿ ಇಲ್ಲದವರು 'ಅನ್ವಯಿಸುವುದಿಲ್ಲ'.

ಈಗ ಲೆಕ್ಕಕ್ಕೆ ಬರೋಣ. ಪಾರ್ಕ್‌ನಲ್ಲಿ ರೈತರ ಭೂಮಿಯನ್ನ ಕೊಂಡುಕೊಳ್ಳಲಿಲ್ಲ, ಗುತ್ತಿಗೆಗೆ ತಗೊಂಡ್ರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಏರಿಕೆ. ಹತ್ತು ಎಕರೆ ಇದ್ದವನಿಗೆ ಮೊದಲ ವರ್ಷವೇ 2,10,000. ಎರಡು ಎಕರೆ ಇದ್ದವನಿಗೆ 42,000. ಆ ಹತ್ತು ಎಕರೆಯಲ್ಲಿ ಕಡಲೆಕಾಯಿ ಬಿತ್ತಿ, ಕಳೆ ಕಿತ್ತು, ಕಾಯಿ ಬಿಡಿಸಿ ಜೀವನ ಮಾಡ್ತಿದ್ದ ಕೂಲಿ ಕುಟುಂಬಕ್ಕೆ? ಸೊನ್ನೆ. ಬಂಜರು ನೆಲ, ಏನೂ ಬೆಳೀತಿರಲಿಲ್ಲ ಅಂತಾರೆ. ಬರ ಇತ್ತು, ನಿಜ. ಮಳೆ ಕೈಕೊಟ್ಟು ಸೋತ ರೈತನಿಗೆ ಗುತ್ತಿಗೆ ಹಣ ಉಸಿರಾಯ್ತು, ಅದನ್ನೂ ಒಪ್ಪೋಣ. ಆದ್ರೆ ಅದೇ 'ಬಂಜರು' ನೆಲದಲ್ಲಿ ಕುರಿ ಮೇಯ್ತಿತ್ತು, ಜಾಲಿ ಸೌದೆ ಸಿಗ್ತಿತ್ತು, ಸುಗ್ಗೀಲಿ ನಾಲ್ಕು ತಿಂಗಳ ಕೂಲಿ ಇತ್ತು. ಈಗ ಬೇಲಿ ಇದೆ. ಬೇಲಿ ಒಳಗೆ ನಮ್ಮೋರಿಗೆ ಸಿಕ್ಕ ಕೆಲಸ ಪ್ಯಾನೆಲ್ ತೊಳೆಯೋದು, ಹುಲ್ಲು ಕೀಳೋದು, ರಾತ್ರಿ ಕಾವಲು. ಅದೂ ಗುತ್ತಿಗೆದಾರನ ದಯೆ.

ಸರ್ಕಾರಿ ಜಮೀನಲ್ಲಿ ಬಗರ್ ಹುಕುಂ ಉಳುಮೆ ಮಾಡೋರ ಸಂಗತಿ ಇನ್ನೂ ಕಷ್ಟ. ಫಾರಂ 50 ಹಾಕಿದ್ವಿ, 53 ಹಾಕಿದ್ವಿ, 57 ಹಾಕಿದ್ವಿ. ಅಪ್ಪ ಹಾಕಿದ ಅರ್ಜಿ ಮಗನ ಕಾಲಕ್ಕೂ ತಾಲ್ಲೂಕು ಕಚೇರಿಯಲ್ಲೇ ಕೊಳೀತಿದೆ. ಹಕ್ಕುಪತ್ರ ಇಲ್ಲದ ನೆಲಕ್ಕೆ ಯಾವ ಯೋಜನೆ ಬಂದ್ರೂ ಗುತ್ತಿಗೆ ಹಣ ಕೇಳೋ ಬಾಯಿ ನಮಗಿಲ್ಲ.

ಇಂಧನ ನೀತಿ ಓದೋ ಗೆಳೆಯರು ಇಲ್ಲಿ ಒಂದು ಕಾನೂನಿನ ಚಮತ್ಕಾರ ಗಮನಿಸಬೇಕು. ಸರ್ಕಾರ ಈ ಭೂಮಿಯನ್ನ ಸ್ವಾಧೀನ ಮಾಡ್ಕೊಂಡಿದ್ರೆ 2013ರ ಭೂಸ್ವಾಧೀನ ಕಾಯ್ದೆ ಬರ್ತಿತ್ತು. ಆ ಕಾಯ್ದೆ ಪ್ರಕಾರ ಭೂಮಿ ಇಲ್ಲದಿದ್ರೂ, ಹಿಂದಿನ ಮೂರು ವರ್ಷ ಅಲ್ಲೇ ಕೂಲಿ ಮಾಡಿಯೋ ಪಾಲಿಗೆ ಉತ್ತಿಯೋ ಬದುಕಿದ ಕುಟುಂಬ ಕೂಡ 'ಬಾಧಿತ ಕುಟುಂಬ'. ಸಾಮಾಜಿಕ ಪರಿಣಾಮದ ಅಧ್ಯಯನ ಆಗಬೇಕು. ಗುತ್ತಿಗೆ ಅಂದ ತಕ್ಷಣ ಅದೆಲ್ಲ ಮಾಯ. ಸೋಲಾರ್ ಪ್ಯಾನೆಲ್ ಯೋಜನೆಗಳು 2006ರ ಪರಿಸರ ಪರಿಣಾಮ ಅಧಿಸೂಚನೆಗೂ ಸೇರಲ್ಲ, ಹಾಗಾಗಿ ಅದರಡಿಯ ಸಾರ್ವಜನಿಕ ಅಹವಾಲು ಸಭೆಯೂ ಇಲ್ಲ. ಎಷ್ಟೋ ಕಡೆ ಈ ಗುತ್ತಿಗೆ ಮಾದರಿಯನ್ನ 'ರೈತಸ್ನೇಹಿ' ಅಂತ ಹೊಗಳಿ ಬರೀತಾರೆ. ರೈತಸ್ನೇಹಿ ಸರಿ, ಕೂಲಿಯವರು ಯಾರ ಸ್ನೇಹಿತರು ಸ್ವಾಮಿ?

ಬಾಬಾಸಾಹೇಬರು 1947ರಲ್ಲಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್' ಬರೆದಾಗ ಇಟ್ಟ ಯೋಜನೆ ನೆನಪಿಸಿಕೊಳ್ಳಿ. ಭೂಮಿಯ ಒಡೆತನ ಪ್ರಭುತ್ವದ್ದಾಗಿರಬೇಕು, ಜಾತಿ ನೋಡದೆ ಊರಿನ ಎಲ್ಲರಿಗೂ ಅದನ್ನ ಗೇಣಿಗೆ ಕೊಡಬೇಕು, ಭೂಮಾಲೀಕನೂ ಇರಬಾರದು ಭೂಹೀನ ಕೂಲಿಯೂ ಇರಬಾರದು ಅಂತ. ಪಾವಗಡದಲ್ಲಿ ಅದನ್ನ ತಲೆಕೆಳಗು ಮಾಡಿದ್ದಾರೆ. ಭೂಮಾಲೀಕ ಒಡೆಯನಾಗಿಯೇ ಉಳಿದ, ಸರ್ಕಾರ ಗೇಣಿದಾರ ಆಯ್ತು, ಕಂಪನಿಗಳು ಬಿಸಿಲಿನ ಬೆಳೆ ತೆಗೀತಾ ಇವೆ. ಭೂಹೀನ ಮಾತ್ರ ಇನ್ನೂ ಭೂಹೀನ.

ಇನ್ನು 'ಇವರು ಅಭಿವೃದ್ಧಿ ವಿರೋಧಿಗಳು, ಕಲ್ಲಿದ್ದಲು ಬೇಕಾ ಇವರಿಗೆ' ಅನ್ನೋರಿಗೆ ಉತ್ತರ. ವಿದ್ಯುತ್ ಪ್ರಶ್ನೆ ನಮಗೆ ಹೊರಗಿನದಲ್ಲ. 1942ರಿಂದ 46ರವರೆಗೆ ವೈಸರಾಯ್ ಕೌನ್ಸಿಲ್‌ನಲ್ಲಿ ಕಾರ್ಮಿಕ ಖಾತೆಯ ಜೊತೆಗೆ ವಿದ್ಯುತ್ತನ್ನೂ ನೋಡಿಕೊಂಡವರು ಬಾಬಾಸಾಹೇಬರು. ಅಗ್ಗದ, ಹೇರಳ ವಿದ್ಯುತ್ ಇಲ್ಲದೆ ಕೈಗಾರಿಕೆ ಇಲ್ಲ, ಕೈಗಾರಿಕೆ ಇಲ್ಲದೆ ಬಡತನದಿಂದ ಬಿಡುಗಡೆ ಇಲ್ಲ ಅನ್ನೋದು 1943ರಲ್ಲೇ ಅವರ ವಾದ. ಬರ ಬಂದ್ರೆ ಮೊದಲು ಗುಳೇ ಹೋಗೋರು ನಾವು, ಬಿಸಿಲು ಏರಿದ್ರೆ ಮೊದಲು ಬೀಳೋರು ನಾವು. ಸೋಲಾರ್ ಬೇಕು. ಅದರಲ್ಲಿ ನಮ್ಮ ಪಾಲೂ ಬೇಕು.

ಈ ರೋಗ ಪಾವಗಡದ್ದು ಮಾತ್ರ ಅಲ್ಲ. ನಮ್ಮ ಕೊರಟಗೆರೆ ತಾಲ್ಲೂಕಿನ ಕಬ್ಬಿಗೆರೆಯಲ್ಲಿ 2007ರಲ್ಲಿ ಸೌದೆಯಿಂದ ಗ್ಯಾಸ್ ಮಾಡಿ ವಿದ್ಯುತ್ ತೆಗೆದು ಗ್ರಿಡ್‌ಗೆ ಕೊಟ್ರು. ವಿಶ್ವಸಂಸ್ಥೆಯ ನೆರವು, ಭಾರತೀಯ ವಿಜ್ಞಾನ ಸಂಸ್ಥೆಯ ತಂತ್ರಜ್ಞಾನ, 500 ಕಿಲೋವ್ಯಾಟ್. ದೊಡ್ಡ ಸಾಧನೆ. ಒಂದು ಯೂನಿಟ್ಟಿಗೆ ಎಷ್ಟು ಕೆಜಿ ಸೌದೆ, ಎಷ್ಟು ಖರ್ಚು ಅಂತ ಲೆಕ್ಕ ಹಾಕಿದ್ರು. ಇಂಥ ಲೆಕ್ಕಗಳಲ್ಲಿ ವೆಚ್ಚದ ಕಾಲಂನಲ್ಲಿ ಕೂಲಿ ಇರುತ್ತೆ, ಕೂಲಿಯವರು ಇರಲ್ಲ. ಆ ಸೌದೆ ಕಡಿದವರು, ಹೊತ್ತವರು, ಸೀಳಿದವರು ಯಾವ ಕೇರಿಯವರು ಅಂತ ಕೇಳಿ ನೋಡಿ.

ವಿಜ್ಞಾನಿಗಳಿಗೆ ಬೇರೆ ಥರ ಮಾಡಕ್ಕೆ ಬರಲ್ವಾ? ಬರುತ್ತೆ. ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಗ್ರಾಮದಲ್ಲಿ ಎ.ಕೆ.ಎನ್. ರೆಡ್ಡಿಯವರ ತಂಡ ಅಡುಗೆಗೆ ಅಂತ ಸಮುದಾಯದ ಬಯೋಗ್ಯಾಸ್ ಸ್ಥಾವರ ಮಾಡ್ತು. ಇಡೀ ಊರಿನ ಒಲೆಗೆ ಸಾಕಾಗೋಷ್ಟು ಸಗಣಿ ಸಿಗಲಿಲ್ಲ. ಆಗ ಜನರನ್ನ ಕೇಳಿದ್ರು. ಜನ 'ನೀರು ಬೇಕು' ಅಂದ್ರು. 1987ರಲ್ಲಿ ಅದೇ ಗ್ಯಾಸಿಂದ ನೀರು ಎತ್ತಿದ್ರು, ಮನೆಗಳಿಗೆ ದೀಪ ಕೊಟ್ರು. ಸಗಣಿ ತಂದವರಿಗೆ ದುಡ್ಡು ಕೊಟ್ರು, ಗೊಬ್ಬರ ವಾಪಸ್ ಕೊಟ್ರು. ಕೇಳಿದ್ದಕ್ಕೆ ವಿಜ್ಞಾನ ಬದಲಾಯ್ತು. ಪಾವಗಡದ ಭೂಹೀನರ ಬಗ್ಗೆ ಪ್ರಾಮಾಣಿಕವಾಗಿ ಬರೆದ ಕೆಲವು ಸಂಶೋಧಕರೂ ಇದ್ದಾರೆ, ಅವರಿಗೆ ವಂದನೆ. ಆದ್ರೆ ಅವರು ಬರೆದದ್ದೂ ಇಂಗ್ಲಿಷಲ್ಲೇ ಉಳೀತು. ತಿರುಮಣಿಯ ಕಾಲೋನಿಗೆ ತೆಲುಗಲ್ಲೂ ಬರಲಿಲ್ಲ, ಕನ್ನಡದಲ್ಲೂ ಬರಲಿಲ್ಲ.

ಹಾಗಾಗಿ ಮುಂದಿನ ಸಲ ನಮ್ಮ ಕಡೆ ಬರೋ ವಿದ್ಯಾರ್ಥಿಗಳಿಗೆ ನಮ್ಮ ಷರತ್ತುಗಳು:

ಒಂದು, ಸರ್ವೆಯನ್ನ ಪಹಣಿಯಿಂದ ಅಲ್ಲ, ಉದ್ಯೋಗ ಖಾತ್ರಿಯ ಜಾಬ್ ಕಾರ್ಡ್ ಪಟ್ಟಿಯಿಂದ ಶುರು ಮಾಡಿ. ಕಾಲೋನಿಗೆ ಮೊದಲು ಬನ್ನಿ.

ಎರಡು, ಕೂಲಿ ದಿನ, ಮೇವು, ಸೌದೆ, ಗುಳೇ ಇವುಗಳನ್ನ ಯೋಜನೆಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಅಂತ ಜಾತಿವಾರು ಬರೆಯಿರಿ. ಸ್ಥಳೀಯ ಅಭಿವೃದ್ಧಿ ಹಣ ಯಾವ ಬೀದಿಗೆ ಹೋಯ್ತು ಅಂತಾನೂ ಬರೆಯಿರಿ.

ಮೂರು, ಪಾವಗಡ, ಮಧುಗಿರಿ, ಕೊರಟಗೆರೆ, ಶಿರಾದ ಕಾಲೇಜುಗಳಲ್ಲಿ, ಸಮಾಜ ಕಲ್ಯಾಣ ಇಲಾಖೆ ಹಾಸ್ಟೆಲ್‌ಗಳಲ್ಲಿ ಓದ್ತಿರೋ ನಮ್ಮ ಮಕ್ಕಳನ್ನ ದಾರಿ ತೋರಿಸೋಕೆ ಮಾತ್ರ ಕರೀಬೇಡಿ. ಸಂಬಳ ಕೊಡಿ, ಪ್ರಬಂಧದಲ್ಲಿ ಲೇಖಕರ ಸಾಲಲ್ಲಿ ಹೆಸರು ಹಾಕಿ.

ನಾಲ್ಕು, ಬರೆದದ್ದನ್ನ ಗ್ರಾಮಸಭೆಗೆ ತಂದು ಕನ್ನಡ ತೆಲುಗು ಎರಡರಲ್ಲೂ ಓದಿ ಹೇಳಿ. ಅಲ್ಲಿ ಬೈಸಿಕೊಳ್ಳೋ ಧೈರ್ಯ ಇರಲಿ.

ಸರ್ಕಾರಕ್ಕೆ ಒಂದೇ ಮಾತು. ಪಾವಗಡ, ಕೊರಟಗೆರೆ ಎರಡೂ ಮೀಸಲು ಕ್ಷೇತ್ರಗಳು. ಕೊರಟಗೆರೆಯ ಶಾಸಕರು ಜಿ. ಪರಮೇಶ್ವರ್ ಅವರಂಥ ಹಿರಿಯರು. ನಮ್ಮ ಓಟಿಂದ ಗೆದ್ದವರು ವಿಧಾನಸಭೆಯಲ್ಲಿ ಇದನ್ನ ಕೇಳಲಿ: ಗುತ್ತಿಗೆ ಮಾದರಿಯಲ್ಲೂ ಭೂಹೀನ ಕುಟುಂಬಗಳನ್ನ ಬಾಧಿತರು ಅಂತ ಗುರುತಿಸಿ, ವರ್ಷಾವರ್ಷ ಪಾಲು ಕೊಡ್ತೀರಾ ಇಲ್ವಾ? ಪಾರ್ಕ್ ವಿಸ್ತರಣೆಗೆ ಇನ್ನೊಂದು ಎಕರೆ ಮುಟ್ಟೋ ಮುಂಚೆ ಇದಕ್ಕೆ ಉತ್ತರ ಬೇಕು.

ಪ್ರಶ್ನಾವಳಿ ಹಿಡಿದು ಬರೋ ಮಕ್ಕಳೇ, ಬನ್ನಿ. ಚಾಪೆ ಹಾಸ್ತೀವಿ, ಕುಡಿಯೋಕೆ ನೀರು ಕೊಡ್ತೀವಿ. ನೀರು ಕುಡಿದು ಪೂರ್ತಿ ಇಪ್ಪತ್ತೊಂಬತ್ತು ಪ್ರಶ್ನೆ ಕೇಳಿ ಹೋಗಿ.

ಜೈಭೀಮ್.